ಮಾದಲಹಣ್ಣು ಸಿಕ್ಕರೆ ಬಿಡಬೇಡಿ

ನಿಂಬೆಹಣ್ಣು ಎಲ್ಲರ ಮನೆಯಲ್ಲೂ ಇರುತ್ತೆ. ಆದರೆ ನಮ್ಮ ದಾವಣಗೆರೆ ಮಾರ್ಕೆಟ್‌ನಲ್ಲಿ ನಿಂಬೆ ಜಾತಿಯದೇ ಆದ, ದಪ್ಪ ಸಿಪ್ಪೆಯ ದೊಡ್ಡ ಮಾದಲಹಣ್ಣು ಕಾಣೋದೇ ಅಪರೂಪ, ಅಲ್ವಾ? ಹರಿಹರದ ನಮ್ಮಜ್ಜಿ ಮನೆ ಹಿತ್ತಲಲ್ಲಿ ಒಂದು ಗಿಡ ಇದೆ.

ಆಯುರ್ವೇದದಲ್ಲಿ ಇದಕ್ಕೆ ಮಾತುಲುಂಗ, ಬೀಜಪೂರ ಅಂತ ಹೆಸರು. ಬಾಯಿರುಚಿ ಕೆಟ್ಟಾಗ, ಅಜೀರ್ಣ, ವಾಕರಿಕೆ, ಬಿಕ್ಕಳಿಕೆಗೆ ಇದನ್ನು ಹೇಳುತ್ತಾರೆ. ಒಳಗಿನ ತೊಳೆ ಹೊಟ್ಟೆಗೆ ಹಗುರ, ಸಿಪ್ಪೆ ಕಹಿ, ಜೀರ್ಣಕ್ಕೆ ಭಾರ.

ಹಣ್ಣು ಹೆಚ್ಚಿದರೆ ಹೆಬ್ಬೆರಳು ದಪ್ಪ ಬಿಳಿ ತಿರುಳು, ನಡುವೆ ಪುಟ್ಟ ತೊಳೆಗಳು. ರಸ ಕಡಿಮೆ, ಪರಿಮಳ ಮಾತ್ರ ಕೈಯಿಂದ ಬೇಗ ಹೋಗಲ್ಲ. ಒಂದು ಚಮಚ ರಸಕ್ಕೆ ಚಿಟಿಕೆ ಸೈಂಧವ ಉಪ್ಪು, ನಾಲ್ಕು ಹನಿ ಶುಂಠಿ ರಸ ಹಾಕಿ ಊಟಕ್ಕೆ ಮೊದಲು ನೆಕ್ಕಿ. ಮಂಡಕ್ಕಿ ಮಿರ್ಚಿ ಜಾಸ್ತಿಯಾಗಿ ಹೊಟ್ಟೆ ಉಬ್ಬಿದ ದಿನ ಅಮ್ಮ ನನಗೆ ಕೊಡೋದು ಇದನ್ನೇ.

ಸಿಪ್ಪೆ ಸುಮ್ನೆ ಎಸೀಬೇಡಿ, ಉಪ್ಪಿನಕಾಯಿ ಹಾಕಿ. ಹೊಟ್ಟೆಹುಣ್ಣು, ಎದೆಯುರಿ ಇರುವವರು ಮಾತ್ರ ಈ ಹುಳಿಯಿಂದ ದೂರ ಇರಿ. ವಾಂತಿ ನಿಲ್ಲದಿದ್ದರೆ ಮನೆಮದ್ದು ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಕಡ್ಡಿ ನೆಟ್ಟರೂ ಮಾದಲ ಚಿಗುರುತ್ತೆ. ಬೇಕಾದವರು ಹೇಳಿ, ಮಳೆ ಶುರುವಾದ ಮೇಲೆ ಕಡಿದು ತಂದುಕೊಡುತ್ತೇನೆ.