ಡಾಕ್ಟ್ರು ಮನೆಗೆ ಬರುವ ದಿನ: ಹೆದರುವ ನಾಯಿ, ಬೆಕ್ಕನ್ನು ತಯಾರು ಮಾಡುವುದು ಹೇಗೆ

ಕಲಬುರಗಿಯ ಏಪ್ರಿಲ್, ಮೇ ಬಿಸಿಲಲ್ಲಿ ಹೆದರುವ ನಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವುದು ಎಷ್ಟು ಕಷ್ಟ ಅಂತ ಸಾಕಿದವರಿಗೆಲ್ಲ ಗೊತ್ತು. ಹೊರಗೆ 42, 43 ಡಿಗ್ರಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕುತ್ತಲೇ ಮೈ ತಂಪು ಮಾಡಿಕೊಳ್ಳಬೇಕು. ಹೆದರಿಕೆಗೂ ತೇಕುತ್ತದೆ, ಸೆಕೆಗೂ ತೇಕುತ್ತದೆ. ಮೊದಲೇ ಅದರ ಸಹಜ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ದಾರಿಯಲ್ಲಿ ಅದು ಇನ್ನೂ ಏರಿದರೆ ಜ್ವರ ಬಂದಿದೆಯೋ ಬಿಸಿಲು ಬಡಿದಿದೆಯೋ ಹೇಳುವುದು ಡಾಕ್ಟ್ರಿಗೂ ಕಷ್ಟ. ಹಾಗಾಗಿ ತುರ್ತು ಇಲ್ಲದ ಕೆಲಸಕ್ಕೆ ಡಾಕ್ಟ್ರನ್ನು ಮನೆಗೇ ಕರೆಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಆದರೆ ಮನೆಗೆ ಕರೆಸಿದ ಮಾತ್ರಕ್ಕೆ ಹೆದರಿಕೆ ಹೋಗುವುದಿಲ್ಲ. ನಾಯಿಯ ಪಾಲಿಗೆ ಅದು ತನ್ನ ಜಾಗ, ಅಲ್ಲಿಗೆ ಗುರುತಿಲ್ಲದ ಒಬ್ಬರು ಔಷಧಿ ವಾಸನೆ ಹೊತ್ತು ಒಳಗೆ ಬಂದಿದ್ದಾರೆ. ಆಸ್ಪತ್ರೆಯಲ್ಲಿ ಮುದುಡಿ ಕೂರುವ ನಾಯಿ ಮನೆಯಲ್ಲಿ ಮೈಮೇಲೆ ಹೋಗಬಹುದು. ಅದಕ್ಕೇ ಅರ್ಧ ಕೆಲಸ ಡಾಕ್ಟ್ರು ಬರುವ ಮೊದಲೇ ಆಗಬೇಕು, ಅದು ನಿಮ್ಮದೇ ಕೆಲಸ.

ಫೋನಿನಲ್ಲೇ ಶುರು ಮಾಡಿ. ಬರುವವರು ಬಿವಿಎಸ್ಸಿ, ಅಂದರೆ ಪಶುವೈದ್ಯಕೀಯ ಪದವಿ, ಓದಿದವರಾ, ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಇದೆಯಾ ಅಂತ ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ. ಸೂಜಿ ಚುಚ್ಚಲು ಬರುತ್ತದೆ ಅಂದಮಾತ್ರಕ್ಕೆ ಯಾರೂ ಡಾಕ್ಟ್ರಾಗುವುದಿಲ್ಲ. ನಿಮ್ಮ ನಾಯಿ ಹಿಂದೆ ಯಾರನ್ನಾದರೂ ಕಚ್ಚಿದ್ದರೆ ಮುಚ್ಚಿಡಬೇಡಿ. ಕಿವಿ ಮುಟ್ಟಿದರೆ ಸಿಟ್ಟಾಗುತ್ತದಾ, ಕಾಲು ಹಿಡಿದರಾ, ಗಂಡಸರನ್ನು ಕಂಡರೆ ಜಾಸ್ತಿ ಹೆದರುತ್ತದಾ, ಎಲ್ಲ ಹೇಳಿ. ಕುಂಟುತ್ತಿದ್ದರೆ, ಕೆಮ್ಮುತ್ತಿದ್ದರೆ ಮೊದಲೇ ವಿಡಿಯೋ ಮಾಡಿ ಕಳಿಸಿ. ಹೊರಗಿನವರು ಬಂದ ತಕ್ಷಣ ಎಷ್ಟೋ ಪ್ರಾಣಿಗಳು ಕುಂಟುವುದನ್ನೇ ನಿಲ್ಲಿಸಿಬಿಡುತ್ತವೆ. 1962 ನಂಬರಿಗೆ ಫೋನ್ ಮಾಡಿದರೆ ಬರುವ ಸರ್ಕಾರದ ಪಶು ಸಂಜೀವಿನಿ ಚಿಕಿತ್ಸಾ ಗಾಡಿ ಮುಖ್ಯವಾಗಿ ದನಕರು, ಕುರಿ, ಮೇಕೆಗಳಿಗೆ ಇರುವುದು, ನಾಯಿಯ ವರ್ಷದ ಲಸಿಕೆಗೆ ಅದಕ್ಕೆ ಫೋನ್ ಮಾಡಬೇಡಿ.

ಸಮಯ ಬೇಸಿಗೆಯಲ್ಲಿ ಬೆಳಿಗ್ಗೆ ಏಳೆಂಟು ಗಂಟೆ. ಮಧ್ಯಾಹ್ನ ಬೇಡವೇ ಬೇಡ.

ತುಂಬಾ ಹೆದರುವ ಪ್ರಾಣಿಗೆ ಭೇಟಿಗೆ ಮೊದಲೇ ಕೊಡುವ ಮಾತ್ರೆ ಇವೆ. ಗ್ಯಾಬಪೆಂಟಿನ್, ಟ್ರಾಜೊಡೋನ್ ಅಂತ ಡಾಕ್ಟ್ರು ಬರೆದುಕೊಡುತ್ತಾರೆ, ಸಾಮಾನ್ಯವಾಗಿ ಅವರು ಬರುವುದಕ್ಕೆ ಎರಡು ಗಂಟೆ ಮೊದಲು ಕೊಡಬೇಕು. ಎಷ್ಟು ಕೊಡಬೇಕು ಅನ್ನುವುದು ತೂಕ ನೋಡಿ ಅವರೇ ಹೇಳಬೇಕು. ಮನೆಯಲ್ಲಿ ಇರುವ ಮನುಷ್ಯರ ಔಷಧಿಯನ್ನು ನೀವೇ ಅಂದಾಜಿನಲ್ಲಿ ಕೊಡಬೇಡಿ. ಕೆಲವು ಸಿರಪ್‌ಗಳಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರುತ್ತದೆ, ನಾಯಿಗೆ ಅದು ವಿಷ. ಬೆಕ್ಕಿಗೆ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಸಾಕು, ಜೀವ ಹೋಗಲು.

ಇನ್ನು ನಾಯಿ ಕಚ್ಚದ ಹಾಗೆ ಮೂತಿಗೆ ಹಾಕುವ ಬಾಯಿಕುಕ್ಕೆ. ಎತ್ತಿಗೆ ಹಾಕುವ ಕುಕ್ಕೆಯ ಹಾಗೆ ಕಿಂಡಿ ಇರುವುದನ್ನೇ ತನ್ನಿ. ಅದರೊಳಗೆ ನಾಯಿ ಬಾಯಿ ತೆರೆದು ತೇಕಬಹುದು, ನೀರೂ ಕುಡಿಯಬಹುದು. ಬಾಯಿಯನ್ನು ಬಿಗಿದುಕಟ್ಟುವ ಬಟ್ಟೆಯ ಪಟ್ಟಿ ನಮ್ಮ ಸೆಕೆಗೆ ಅಪಾಯ. ಒಂದು ವಾರ ಮೊದಲೇ ಕುಕ್ಕೆಯ ತಳದಲ್ಲಿ ಬೇಯಿಸಿದ ಚಿಕನ್ ಚೂರು ಇಟ್ಟು ಹಿಡಿಯಿರಿ. ನಾಯಿ ತಾನಾಗೇ ಮೂತಿ ಹಾಕಲಿ, ತಿಂದು ತೆಗೆಯಲಿ. ಪಟ್ಟಿ ಕಟ್ಟುವುದು ಆಮೇಲಿನ ಮಾತು. ಚಿಕನ್‌ಗೆ ಈರುಳ್ಳಿ, ಬೆಳ್ಳುಳ್ಳಿ, ಖಾರ ಏನೂ ಹಾಕಬೇಡಿ.

ನಮ್ಮ ಕಡೆ ಮನೆಗಳ ಶಹಾಬಾದ್ ಕಲ್ಲಿನ ನೆಲ ಬೇಸಿಗೆಗೆ ತಂಪು, ನಾಯಿ ಹೊಟ್ಟೆ ಹಚ್ಚಿ ಮಲಗಲು ಬಹಳ ಇಷ್ಟಪಡುತ್ತದೆ. ಆದರೆ ಪಾಲಿಶ್ ಆದ ಕಲ್ಲು ಜಾರುತ್ತದೆ. ಕಾಲು ಜಾರಿದರೆ ನಾಯಿಗೆ ಹೆದರಿಕೆ ಇಮ್ಮಡಿ. ಪಡಸಾಲೆಯಲ್ಲಿ ಒಂದು ಹಳೇ ಕೌದಿ ಹಾಸಿ, ಅದರ ಮೇಲೇ ಪರೀಕ್ಷೆ ಆಗಲಿ. ಟೇಬಲ್ ಮೇಲೆ ಎತ್ತಿ ನಿಲ್ಲಿಸಬೇಡಿ. ಟಿವಿ ಆರಿಸಿ, ಮಕ್ಕಳನ್ನು ಒಳಗೆ ಕಳಿಸಿ, ಬೆಲ್ ಒತ್ತಬೇಡಿ, ಗೇಟಿಗೆ ಬಂದು ಫೋನ್ ಮಾಡಿ ಅಂತ ಡಾಕ್ಟ್ರಿಗೆ ಹೇಳಿ.

ಅವರು ಬಂದ ಮೇಲೆ ಮೊದಲ ಹತ್ತು ನಿಮಿಷ ನಾಯಿಯನ್ನು ಮುಟ್ಟಬಾರದು. ಇದನ್ನು ಮೊದಲೇ ಮಾತಾಡಿಕೊಳ್ಳಿ. ಡಾಕ್ಟ್ರು ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂರಲಿ, ನಾಯಿಯ ಕಣ್ಣನ್ನು ನೋಡದೆ ನಿಮ್ಮ ಜೊತೆ ಮಾತಾಡುತ್ತಾ ಒಂದೊಂದೇ ಚೂರು ತನ್ನ ಪಕ್ಕಕ್ಕೆ ಎಸೆಯಲಿ. ನಾಯಿ ಮೊದಲು ಕತ್ತು ಚಾಚಿ ತಿನ್ನುತ್ತದೆ, ಹಿಂಗಾಲು ಓಡಲು ತಯಾರಾಗಿ ಹಿಂದೆಯೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಆ ಹಿಂಗಾಲೂ ಮುಂದೆ ಬರುತ್ತದೆ, ಬ್ಯಾಗ್ ಮೂಸುತ್ತದೆ. ಆಗ ಸ್ಟೆತಸ್ಕೋಪ್ ತೆಗೆಯಬಹುದು. ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಇಲ್ಲದೆ ಆಕಳಿಸುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಯಾಗಿ ನೋಡುವುದು, ಬಾಲ ಒಳಗೆ ಸೇರಿಸುವುದು, ಇವು ಕಂಡರೆ ನಿಲ್ಲಿಸಿ, ಬಿಡುವು ಕೊಡಿ. ಗುರ್ ಅಂದರೆ ಬೈಯಬೇಡಿ, ಗುರ್ ಅನ್ನುವುದನ್ನು ಬಿಡಿಸಿದರೆ ಮುಂದಿನ ಸಲ ಸೂಚನೆ ಕೊಡದೆ ಕಚ್ಚುತ್ತದೆ. ನಾಲ್ಕು ಜನ ಒತ್ತಿ ಹಿಡಿದು ಸೂಜಿ ಹಾಕಿದರೆ ಇವತ್ತಿನ ಕೆಲಸ ಮುಗಿಯುತ್ತದೆ ನಿಜ, ಆದರೆ ಆಮೇಲೆ ಯಾವ ಡಾಕ್ಟ್ರೂ ಆ ನಾಯಿಯ ಹತ್ತಿರ ಹೋಗುವ ಹಾಗಿರುವುದಿಲ್ಲ. ಲಸಿಕೆ ತಾನೆ, ಮುಂದಿನ ವಾರ ಹಾಕಿಸಿದರಾಯ್ತು.

ಲಸಿಕೆ ತಂದ ಡಬ್ಬಿಯನ್ನು ಮಾತ್ರ ನೋಡಲೇಬೇಕು. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದದ್ದು. ಗಾಡಿಯ ಡಿಕ್ಕಿಯಲ್ಲಿ ಸುಮ್ನೆ ಕವರಿನಲ್ಲಿ ಸುತ್ತಿ ತಂದಿದ್ದರೆ ಬೇಡ ಅನ್ನಿ. ಐಸ್ ಪ್ಯಾಕ್ ಇರುವ ಬಾಕ್ಸ್ ಇರಬೇಕು, ಸೀಸೆಯ ಸೀಲ್ ನಿಮ್ಮೆದುರೇ ಒಡೆಯಬೇಕು, ಅದರ ಸ್ಟಿಕ್ಕರ್ ಲಸಿಕೆ ಪುಸ್ತಕಕ್ಕೆ ಅಂಟಿಸಬೇಕು. ಹಾಕಿದ ಮೇಲೆ ಡಾಕ್ಟ್ರನ್ನು ಅರ್ಧ ಗಂಟೆ ಚಹಾ ಕುಡಿಸಿ ಕೂರಿಸಿಕೊಳ್ಳಿ. ಮುಖ ಊದುವುದು, ವಾಂತಿ, ಉಸಿರಿನ ತೊಂದರೆ ಆದರೆ ಹಲವು ಸಲ ಆ ಹೊತ್ತಿನಲ್ಲೇ ಆಗುತ್ತದೆ, ಕೆಲವೊಮ್ಮೆ ಕೆಲವು ಗಂಟೆ ಕಳೆದ ಮೇಲೂ ಆಗಬಹುದು.

ಬೆಕ್ಕಿನದು ಬೇರೆ ಲೆಕ್ಕ. ಡಾಕ್ಟ್ರು ಬರುವುದಕ್ಕೆ ಒಂದು ಗಂಟೆ ಮೊದಲೇ ಸಣ್ಣ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿ, ಮಂಚದ ಕೆಳಗೆ, ಬೀರು ಹಿಂದೆ ತೂರದ ಹಾಗೆ ಅಡ್ಡ ಇಡಿ. ಅದರದೇ ವಾಸನೆ ಇರುವ ಟವೆಲ್ ಇರಲಿ. ಟವೆಲ್ ಹೊದಿಸಿ ಮುಖ ಮುಚ್ಚಿದರೆ ಬಹಳಷ್ಟು ಬೆಕ್ಕು ಸುಮ್ಮನಾಗುತ್ತವೆ, ಕತ್ತಿನ ಚರ್ಮ ಹಿಡಿದು ಎತ್ತುವುದು ಬೇಡ. ಒಬ್ಬರೇ ಇರಿ, ಪಿಸುಮಾತಿನಲ್ಲಿ ಮಾತಾಡಿ.

ಕೆಲವಕ್ಕೆ ಮನೆ ಭೇಟಿ ಕಾಯಬೇಡಿ. ಗಂಡು ಬೆಕ್ಕು ತಿಣುಕುತ್ತಾ ಕೂತು ಮೂತ್ರ ಬರದಿದ್ದರೆ, ನಾಯಿಯ ಹೊಟ್ಟೆ ಊದಿ ವಾಂತಿ ಬಾರದೆ ಒದ್ದಾಡಿದರೆ, ಫಿಟ್ಸ್ ಐದು ನಿಮಿಷ ದಾಟಿದರೆ, ಹಾವು ಕಚ್ಚಿದರೆ, ಹೆದರಿದರೂ ಸರಿ, ತಕ್ಷಣ ಆಸ್ಪತ್ರೆಗೆ ಹೊರಡಿ. ಬಿಸಿಲು ಬಡಿದಿದ್ದರೆ ಮೊದಲು ಮೈಗೆ ನೀರು ಸುರಿದು ಗಾಳಿ ಹಾಕಿ, ಆಮೇಲೆ ಹೊರಡಿ. ದೊಡ್ಡ ಪರೀಕ್ಷೆಗೆ ಬೀದರ್‌ನ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಯಾರಿಗಾದರೂ ಹಲ್ಲು ತಾಗಿದರೆ, ನಾಯಿಗೆ ಲಸಿಕೆ ಆಗಿದ್ದರೂ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅವತ್ತೇ ಮನುಷ್ಯರ ಡಾಕ್ಟ್ರಿಗೆ ತೋರಿಸಿ.

ಎಲ್ಲ ಚೆನ್ನಾಗಿ ಆಯ್ತು ಅಂದರೆ ಅದೇ ಡಾಕ್ಟ್ರನ್ನು ತಿಂಗಳೆರಡು ತಿಂಗಳಲ್ಲಿ ಇನ್ನೊಮ್ಮೆ ಕರೆಯಿರಿ. ಅವತ್ತು ಸೂಜಿಯಿಲ್ಲ, ಪರೀಕ್ಷೆಯಿಲ್ಲ, ಅವರು ಐದು ನಿಮಿಷ ಕೂತು ಚಿಕನ್ ತಿನ್ನಿಸಿ ಹೋಗಲಿ. ಆ ಭೇಟಿಗೂ ಫೀಸು ಕೊಡಿ.