ಎತ್ತಿದ ತೂಕವನ್ನು ಇಳಿಸುವುದೂ ವ್ಯಾಯಾಮವೇ

ಇಬ್ಬರು 10 ಕೆ.ಜಿ. ಡಂಬೆಲ್ ಹಿಡಿದು ತಲಾ 10 ಬಾರಿ ಕರ್ಲ್ (ಮೊಣಕೈ ಮಡಚಿ ತೂಕವನ್ನು ಭುಜದತ್ತ ಎತ್ತುವ ವ್ಯಾಯಾಮ) ಮಾಡುತ್ತಾರೆ ಎಂದುಕೊಳ್ಳೋಣ. ಒಬ್ಬರು ಸೊಂಟದ ಬಲದಿಂದ ತೂಕವನ್ನು ಮೇಲಕ್ಕೆ ಚಿಮ್ಮಿಸಿ, ಮರುಕ್ಷಣವೇ ಕೈ ಬಿಟ್ಟಂತೆ ಇಳಿಸಿ, 15 ಸೆಕೆಂಡಿನಲ್ಲಿ ಸೆಟ್ ಮುಗಿಸುತ್ತಾರೆ. ಇನ್ನೊಬ್ಬರು ಒಂದು ಸೆಕೆಂಡಿನಲ್ಲಿ ಎತ್ತಿ ಮೂರು ಸೆಕೆಂಡಿನಲ್ಲಿ ಇಳಿಸುವುದರಿಂದ ಅವರಿಗೆ 40 ಸೆಕೆಂಡು ಹಿಡಿಯುತ್ತದೆ. ಬರೆದಿಟ್ಟರೆ ಇಬ್ಬರ ಲೆಕ್ಕವೂ ಒಂದೇ, ಆದರೆ ತೋಳಿನ ಸ್ನಾಯು ದುಡಿದ ಹೊತ್ತು ಒಂದೇ ಅಲ್ಲ. ಒಂದು ಸೆಟ್‌ನಲ್ಲಿ ಸ್ನಾಯು ಹೀಗೆ ಭಾರ ಹೊತ್ತು ಬಿಗಿಯಾಗಿರುವ ಒಟ್ಟು ಸಮಯವನ್ನೇ ಜಿಮ್‌ಗಳಲ್ಲಿ ‘ಟೈಮ್ ಅಂಡರ್ ಟೆನ್ಷನ್’ ಎನ್ನುತ್ತಾರೆ.

ಸ್ನಾಯುತಂತುಗಳು ಬೆಳೆಯಲು ಮುಖ್ಯ ಪ್ರಚೋದನೆ ಅವುಗಳ ಮೇಲೆ ಬೀಳುವ ಯಾಂತ್ರಿಕ ಎಳೆತ. ಸ್ನಾಯು ವೇಗವಾಗಿ ಕುಗ್ಗಿದಷ್ಟೂ ಅದು ಉಂಟುಮಾಡಬಲ್ಲ ಬಲ ಕಡಿಮೆಯಾಗುತ್ತದೆ ಎಂಬುದನ್ನು ಬ್ರಿಟಿಷ್ ವಿಜ್ಞಾನಿ ಎ. ವಿ. ಹಿಲ್ 1938ರಲ್ಲೇ ಗಣಿತದ ಸೂತ್ರವಾಗಿ ನಿರೂಪಿಸಿದ್ದರು. ಭಾರ ಹೊತ್ತು ಉದ್ದವಾಗುತ್ತಿರುವ ಸ್ನಾಯುವಾದರೋ, ತಾನು ಎತ್ತಬಲ್ಲದಕ್ಕಿಂತ ಹೆಚ್ಚಿನ ತೂಕವನ್ನು ತಡೆದು ಇಳಿಸಬಲ್ಲದು. ಆದ್ದರಿಂದ ತೂಕವನ್ನು ಧೊಪ್ಪನೆ ಕೆಳಗೆ ಬಿಡುವವರು ವ್ಯಾಯಾಮದ ಅರ್ಧ ಭಾಗವನ್ನು ಗುರುತ್ವಾಕರ್ಷಣೆಗೆ ಬಿಟ್ಟುಕೊಟ್ಟಂತೆಯೇ ಸರಿ.

ಹಾಗಾದರೆ ನಿಧಾನವಾದಷ್ಟೂ ಒಳ್ಳೆಯದೇ? ಅಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಗುರ ತೂಕವನ್ನು ಆರು ಸೆಕೆಂಡು ಎತ್ತಿ ಆರು ಸೆಕೆಂಡು ಇಳಿಸಿದ ಕಾಲಿನಲ್ಲಿ, ಅಷ್ಟೇ ಬಾರಿ ವೇಗವಾಗಿ ಎತ್ತಿಳಿಸಿದ ಕಾಲಿಗಿಂತ ಪ್ರೋಟೀನ್ ನಿರ್ಮಾಣ ಮರುದಿನ ಹೆಚ್ಚಾಗಿತ್ತು. ಇದನ್ನು ಉಲ್ಲೇಖಿಸುವವರು ಒಂದು ಸಂಗತಿಯನ್ನು ಸಾಮಾನ್ಯವಾಗಿ ಹೇಳುವುದಿಲ್ಲ: ನಿಧಾನದ ಕಾಲು ಪೂರ್ತಿ ಸೋಲುವವರೆಗೆ ದುಡಿದಿತ್ತು, ವೇಗದ ಕಾಲು ಸೋಲುವ ಮೊದಲೇ ನಿಂತಿತ್ತು. 2015ರಲ್ಲಿ ಅಮೆರಿಕದ ವ್ಯಾಯಾಮ ವಿಜ್ಞಾನಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೆಟ್ಟನ್ನು ಸೋಲುವವರೆಗೆ ಒಯ್ದರೆ ಒಂದು ರೆಪ್‌ಗೆ (ಒಮ್ಮೆ ಎತ್ತಿ ಇಳಿಸುವುದಕ್ಕೆ) ಅರ್ಧ ಸೆಕೆಂಡಿನಿಂದ ಎಂಟು ಸೆಕೆಂಡಿನವರೆಗೆ ಯಾವ ವೇಗದಲ್ಲಿ ಮಾಡಿದರೂ ಸ್ನಾಯುವಿನ ಬೆಳವಣಿಗೆ ಹೆಚ್ಚುಕಡಿಮೆ ಸಮಾನವಾಗಿತ್ತು. ಹತ್ತು ಸೆಕೆಂಡು ದಾಟಿದ ಅತಿ ನಿಧಾನದ ಪದ್ಧತಿ ಹಿಂದೆ ಬೀಳುವಂತೆ ಕಂಡಿತು. ಅಷ್ಟು ನಿಧಾನಕ್ಕೆ ತೂಕವನ್ನು ಬಹಳ ತಗ್ಗಿಸಬೇಕಾಗುತ್ತದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಗಡಿಯಾರವನ್ನು ದೇವರೆಂದು ಪೂಜಿಸದೆ, ತೂಕವನ್ನು ಹತೋಟಿಯಲ್ಲಿಡುವ ಉಪಾಯವಾಗಿ ಮಾತ್ರ ಬಳಸುವುದು ಹೇಗೆಂದು ನೋಡೋಣ.

ಮೊದಲು ತೂಕವನ್ನು ಆರಿಸಿಕೊಳ್ಳಿ. ನಿಮ್ಮ ಎಂದಿನ ವೇಗದಲ್ಲಿ 10–12 ಬಾರಿ ಎತ್ತಬಲ್ಲ ತೂಕಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಸಾಕು.

ಬಳಿಕ ಟೆಂಪೊ, ಅಂದರೆ ಎತ್ತಿಳಿಸುವ ವೇಗವನ್ನು ನಿರ್ಧರಿಸಿ. ತರಬೇತುದಾರರು ಇದನ್ನು 3-1-1-0 ಎಂಬಂತೆ ನಾಲ್ಕು ಅಂಕಿಗಳಲ್ಲಿ ಬರೆಯುತ್ತಾರೆ: ಮೂರು ಸೆಕೆಂಡು ಇಳಿಸುವುದು, ಕೆಳಗೆ ಒಂದು ಸೆಕೆಂಡು ನಿಲ್ಲುವುದು, ಒಂದು ಸೆಕೆಂಡಿನಲ್ಲಿ ಎತ್ತುವುದು, ಮೇಲೆ ನಿಲ್ಲದಿರುವುದು. ಕರ್ಲ್‌ನಂತೆ ಎತ್ತುವುದರಿಂದಲೇ ಶುರುವಾಗುವ ವ್ಯಾಯಾಮದಲ್ಲೂ ಮೊದಲ ಅಂಕಿ ಇಳಿಸುವುದಕ್ಕೇ ಸಲ್ಲುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ದಣಿವಾದಂತೆ ಮನಸ್ಸಿನ ಎಣಿಕೆ ಓಡತೊಡಗುವುದರಿಂದ ಮೊಬೈಲ್‌ನಲ್ಲಿ ಸಮಲಯದಲ್ಲಿ ಟಕ್‌ಟಕ್ ಎನ್ನುವ ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 60 ಬಡಿತಕ್ಕೆ ಹೊಂದಿಸಿಟ್ಟುಕೊಳ್ಳುವುದು ಒಳ್ಳೆಯದು.

ಇಳಿಸುವಾಗಲೇ ಹೆಚ್ಚಿನ ಗಮನ ಬೇಕು. ಕರ್ಲ್‌ನಲ್ಲಿ ಮೊಣಕೈಯನ್ನು ಪಕ್ಕೆಗೆ ತಾಗಿಸಿಟ್ಟು ಇಳಿಸುತ್ತಾ ಬನ್ನಿ. ಮುಂಗೈ ನೆಲಕ್ಕೆ ಸಮಾನಾಂತರವಾಗುವ ಹಂತದಲ್ಲಿ ಸ್ನಾಯುವಿನ ಮೇಲೆ ಹೊರೆ ಅತ್ಯಧಿಕವಾಗಿರುತ್ತದೆ, ಬಹುಪಾಲು ಜನರ ಕೈ ಜಾರುವುದೂ ಅಲ್ಲಿಯೇ. ಮೊದಲ ಅರ್ಧ ದಾರಿಗೆ ಎರಡೂವರೆ ಸೆಕೆಂಡು ತೆಗೆದುಕೊಂಡು ಉಳಿದರ್ಧವನ್ನು ಸರ್ರನೆ ಮುಗಿಸಿದರೆ ಮೂರು ಸೆಕೆಂಡಿನ ಲೆಕ್ಕ ಕೂಡಿಬರುತ್ತದೆ, ಕೆಲಸವಾಗುವುದಿಲ್ಲ. ಇನ್ನು ತೋಳು ಪೂರ್ತಿ ನೇರವಾಗಿ ಜೋತುಬಿದ್ದಾಗ ತೋಳಿನ ಮುಂಭಾಗದ ಸ್ನಾಯುವಾದ ಬೈಸೆಪ್ಸ್‌ಗೆ ಬಹುತೇಕ ವಿಶ್ರಾಂತಿ. ಅಲ್ಲಿ ಕಳೆದ ಸೆಕೆಂಡುಗಳನ್ನು ಬಿಗಿತದ ಲೆಕ್ಕಕ್ಕೆ ಸೇರಿಸಬೇಡಿ. ಬಸ್ಕಿಯಲ್ಲಿ ಇದು ತಿರುವುಮುರುವು: ಮಂಡಿ ನೇರ ಮಾಡಿ ನಿಂತಾಗ ತೊಡೆಗೆ ಬಿಡುವು ಸಿಗುತ್ತದೆ, ಕೆಳಗೆ ಕುಳಿತ ಭಂಗಿಯಲ್ಲಿ ಒಂದು ಸೆಕೆಂಡು ನಿಂತರೂ ತೊಡೆ ಉರಿಯುತ್ತದೆ. ಗರಡಿಯಲ್ಲಿ ರಭಸದಿಂದ ಲಯಬದ್ಧವಾಗಿ ಹೊಡೆಯುವ ಬಸ್ಕಿ ದಮ್ಮು ಬೆಳೆಸುವಂಥದ್ದು. ಮನೆಯಲ್ಲಿ ತೂಕವೇ ಇಲ್ಲದವರು ಅದನ್ನೇ ನಾಲ್ಕು ಸೆಕೆಂಡು ಇಳಿದು ಮಾಡಿದರೆ ಸ್ವಂತ ದೇಹವೇ ಸಾಕಷ್ಟು ಭಾರವೆನಿಸುತ್ತದೆ.

ಎತ್ತುವಾಗ ಬೇಕೆಂದೇ ನಿಧಾನಿಸುವ ಅಗತ್ಯವಿಲ್ಲ. ಭಂಗಿ ಕೆಡದಂತೆ, ಜೋಲಿ ಹೊಡೆಯದೆ, ಬಲವಾಗಿ ಎತ್ತಿ. ಕೊನೆಯ ರೆಪ್‌ಗಳು ದಣಿವಿನಿಂದ ತಾವಾಗಿಯೇ ನಿಧಾನವಾಗುತ್ತವೆ. ಆ ಕೊನೆಯ ರೆಪ್‌ಗಳೇ ಹೆಚ್ಚು ಬೆಲೆಯುಳ್ಳವು, ಏಕೆಂದರೆ ನರಮಂಡಲ ಮೊದಲು ಸಣ್ಣ ತಂತುಗುಂಪುಗಳನ್ನು ಕೆಲಸಕ್ಕೆ ಕರೆದು, ಅವು ಸೋಲತೊಡಗಿದ ಮೇಲೆ ಅಥವಾ ಭಾರ ಹೆಚ್ಚಿದಾಗಷ್ಟೇ ಬೆಳೆಯುವ ಸಾಮರ್ಥ್ಯ ಹೆಚ್ಚಿರುವ ದೊಡ್ಡ ಗುಂಪುಗಳನ್ನು ಕರೆಯುತ್ತದೆ. ಹಗುರ ತೂಕವನ್ನು 60 ಸೆಕೆಂಡು ನಿಧಾನವಾಗಿ ಆಡಿಸಿ ಆರಾಮವಾಗಿ ಕೆಳಗಿಡುವವರಿಗೆ ದೊರಕದೇ ಹೋಗುವುದು ಇದೇ.

ಇನ್ನು ಒಂದೆರಡು ರೆಪ್ ಮಾತ್ರ ಸಾಧ್ಯ ಎನಿಸಿದಾಗ, ಇಲ್ಲವೇ ಮೂರು ಸೆಕೆಂಡಿನ ಇಳಿತ ಒಂದೂವರೆಗೆ ಕುಸಿದಾಗ ಸೆಟ್ ನಿಲ್ಲಿಸಿ. ಎರಡು ನಿಮಿಷ ಬಿಡುವು ಪಡೆದು ಮತ್ತೆರಡು ಸೆಟ್ ಮಾಡಿ. ಅದೇ ಟೆಂಪೊದಲ್ಲಿ 12 ರೆಪ್ ಸಲೀಸಾದ ದಿನ ಸೆಕೆಂಡು ಹೆಚ್ಚಿಸುವ ಬದಲು ತೂಕವನ್ನೇ ಹೆಚ್ಚಿಸಿ.

ನಿಧಾನವಾದ ಇಳಿತ ರೂಢಿಯಿಲ್ಲದವರಿಗೆ ಒಂದೆರಡು ದಿನಗಳ ನಂತರ ಮೈಕೈ ನೋವು ಜೋರಾಗಿಯೇ ಬರುವುದರಿಂದ, ಮೊದಲ ವಾರ ಒಂದೊಂದು ವ್ಯಾಯಾಮಕ್ಕೆ ಒಂದೇ ಸೆಟ್ ಇರಲಿ. ಎಣಿಸುವ ಭರದಲ್ಲಿ ಉಸಿರು ಕಟ್ಟಬಾರದು, ಇಳಿಸುವಾಗ ಒಳಗೆಳೆದು ಎತ್ತುವಾಗ ಹೊರಬಿಡಬೇಕು. ರಕ್ತದೊತ್ತಡ ಇರುವವರು ಕೆಳಗೆ ನಿಲ್ಲುವ ಹಂತವನ್ನು ಕೈಬಿಟ್ಟು, ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು. ವೇಟ್‌ಲಿಫ್ಟಿಂಗ್ ಸ್ಪರ್ಧೆಯ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್‌ನಂಥ ವೇಗವೇ ಜೀವಾಳವಾದ ಎತ್ತುಗಳಿಗೆ ಈ ಟೆಂಪೊ ಲೆಕ್ಕ ಅನ್ವಯಿಸುವುದಿಲ್ಲ.