ಒಂದು ಸಂಕಲನ, ಒಂದು ಲೈವ್: ಬ್ಲೂಸ್ ಗಿಟಾರ್ ಕೇಳಲು ನನಗೆ ಒಗ್ಗಿದ ದಾರಿ

ಮೂಲ ಎಲ್‌ಪಿ (ದೊಡ್ಡ ರೆಕಾರ್ಡ್ ತಟ್ಟೆ) ಇಟ್ಟುಕೊಂಡವನೇ ರಸಿಕ, ಹಳೆಯ ಹಾಡುಗಳನ್ನು ಆರಿಸಿ ಕಟ್ಟಿದ ಸಂಕಲನ ಕೊಳ್ಳುವವನು ಬರೀ ಗಿರಾಕಿ ಅನ್ನುವ ಮಾತು ನಮ್ಮ ರೆಕಾರ್ಡ್ ಬಳಗದಲ್ಲಿ ಇನ್ನೂ ಓಡಾಡುತ್ತಿದೆ. ಎಲೆಕ್ಟ್ರಿಕ್ ಬ್ಲೂಸ್ ಮಟ್ಟಿಗೆ ಅದು ಶುದ್ಧ ಪೊಳ್ಳು. ಶಿಕಾಗೋದ ಚೆಸ್ ರೆಕಾರ್ಡ್ ಕಂಪನಿ 1958ರಲ್ಲಿ ತಂದ ಮಡ್ಡಿ ವಾಟರ್ಸ್‌ನ ಮೊದಲ ಎಲ್‌ಪಿಯೇ ‘ದ ಬೆಸ್ಟ್ ಆಫ್ ಮಡ್ಡಿ ವಾಟರ್ಸ್’, ಹಳೆಯ ಸಿಂಗಲ್‌ಗಳ (ಒಂದೊಂದು ಹಾಡಿನ ಚಿಕ್ಕ ತಟ್ಟೆಗಳ) ಕಂತೆ. ಈ ಜನ ನುಡಿಸಿದ್ದು ಮೂರು ನಿಮಿಷದ ಸಿಂಗಲ್‌ಗೆ, ಇಲ್ಲವೇ ರಾತ್ರಿಯ ಕ್ಲಬ್ಬಿಗೆ. ಹಾಗಾಗಿ ನನ್ನ ಲೆಕ್ಕ ಸರಳ: ಒಬ್ಬ ಗಿಟಾರಿಸ್ಟ್‌ಗೆ ಒಂದು ಸಂಕಲನ, ಒಂದು ಲೈವ್ (ಜನರ ಮುಂದೆ ನುಡಿಸಿದ್ದರ ರೆಕಾರ್ಡಿಂಗ್), ಎರಡರಲ್ಲೂ ಇರುವ ಒಂದೇ ಹಾಡು.

ಮೊದಲ ಜೋಡಿ ಬಿ.ಬಿ. ಕಿಂಗ್‌ನ ‘ಸ್ವೀಟ್ ಲಿಟಲ್ ಏಂಜಲ್’. 1956ರ ಸಿಂಗಲ್ ಒಂದು ಕಡೆ, 1964ರ ನವೆಂಬರ್ 21ರಂದು ಶಿಕಾಗೋದ ರೀಗಲ್ ಥಿಯೇಟರಿನಲ್ಲಿ ನುಡಿಸಿದ್ದು ಇನ್ನೊಂದು ಕಡೆ. ಹಾಡುವಾಗ ಅವನು ಗಿಟಾರ್ ಮುಟ್ಟುವುದೇ ಕಡಿಮೆ. ಸಾಲು ಮುಗಿದ ಮೇಲೆ ಉತ್ತರ. ಆದ್ದರಿಂದ ಸಾಲುಗಳ ನಡುವಿನ ಸಂದಿಗಳನ್ನಷ್ಟೇ ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ಕತ್ತರಿಸಿ ಸಾಲಾಗಿ ಜೋಡಿಸಿ ಕೇಳಿ. ರೀಗಲ್‌ನಲ್ಲಿ ಜನರ ಕೂಗಿಗೆ ತಕ್ಕಂತೆ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಆಗ ಸಿಗುತ್ತದೆ.

ಹೋಲಿಸುವ ಮುಂಚೆ ಎರಡರ ಸದ್ದು ಸಮ ಮಾಡಲೇಬೇಕು. ಜೋರಾಗಿರುವುದೇ ಚೆನ್ನ ಅಂತ ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಈಚಿನ ರೀಮಾಸ್ಟರ್ (ಹಳೆಯ ಟೇಪಿನ ಸದ್ದನ್ನು ಮತ್ತೆ ತಿದ್ದಿದ ಆವೃತ್ತಿ) ಆಗಿದ್ದರೆ ಮೂರು, ನಾಲ್ಕು ಡೆಸಿಬೆಲ್ ಇಳಿಸಬೇಕಾದೀತು. ಆಮೇಲೆ 80 ಹರ್ಟ್ಸ್ ಕೆಳಗಿನದನ್ನೂ 6 ಕಿಲೋಹರ್ಟ್ಸ್ ಮೇಲಿನದನ್ನೂ ಕತ್ತರಿಸಿ. ಹನ್ನೆರಡು ಇಂಚಿನ ಗಿಟಾರ್ ಸ್ಪೀಕರಿನ ಸದ್ದು ಸುಮಾರು 5 ಕಿಲೋಹರ್ಟ್ಸ್ ದಾಟಿದರೆ ಬೇಗ ಕುಸಿಯುತ್ತದೆ, ಹಾಗಾಗಿ ಗಿಟಾರಿಗೆ ನಷ್ಟವಿಲ್ಲ, ಸಿಂಬಲ್ಲು ಚಪ್ಪಾಳೆ ಹಿಂದೆ ಸರಿಯುತ್ತವೆ. ಹೆಂಗಸರ ಕಿರುಚಾಟ ಮಾತ್ರ ಹೋಗುವುದಿಲ್ಲ, ಅದು ಗಿಟಾರಿನ ಜಾಗದಲ್ಲೇ ಕೂತಿದೆ. ವೈಬ್ರಾಟೋ, ಅಂದರೆ ಸ್ವರದ ನಡುಕ, ಎಣಿಸಬೇಕಾದರೆ ವೇಗ 70 ಶೇಕಡಾಗೆ ಸಾಕು. 50ಕ್ಕೆ ಇಳಿಸಿದರೆ ಸಾಫ್ಟ್‌ವೇರೇ ನಡುಗಲು ಶುರುಮಾಡುತ್ತದೆ, ಕಿಂಗ್‌ನ ಬೆರಳಲ್ಲ.

ದುಡ್ಡು ಹೋದದ್ದು ಎರಡು ಕಡೆ. ‘ಒರಿಜಿನಲ್ ಹಿಟ್ಸ್’ ಅಂತ ಬರೆದಿರುವ ಅಗ್ಗದ ಪೆಟ್ಟಿಗೆಗಳಲ್ಲಿ ಮೂಲದ್ದಲ್ಲದೆ ಮುಂದೆ ಮತ್ತೆ ನುಡಿಸಿ ರೆಕಾರ್ಡ್ ಮಾಡಿದ ಹಾಡುಗಳು ತುಂಬಿರುತ್ತವೆ. ಮೂರು ನಾಲ್ಕು ನೂರರಂತೆ ಕೊಂಡು ಒಟ್ಟು ನಾಲ್ಕೈದು ಸಾವಿರ ನೀರಿಗೆ. ಹಿಂಬದಿಯಲ್ಲಿ ರೆಕಾರ್ಡಿಂಗ್ ಇಸವಿ ಇಲ್ಲದಿದ್ದರೆ ಕೆಳಗಿಟ್ಟುಬಿಡಿ. ಗಿಟಾರಿಸ್ಟ್ ಓಟಿಸ್ ರಶ್ ಆದರೆ ಕೋಬ್ರಾ ಲೇಬಲ್ (ರೆಕಾರ್ಡ್ ಕಂಪನಿ), 1956ರಿಂದ 58. ಅದಷ್ಟೇ ಮೊದಲು ಬೇಕಾದದ್ದು. 1966ರಲ್ಲಿ ವ್ಯಾನ್‌ಗಾರ್ಡ್ ಲೇಬಲ್ ತಂದ ‘ಐ ಕಾಂಟ್ ಕ್ವಿಟ್ ಯೂ ಬೇಬಿ’ಯೂ ಸೊಗಸೇ, ಆದರೆ ಅದು ಮತ್ತೆ ರೆಕಾರ್ಡ್ ಮಾಡಿದ್ದು, ಬೇರೆ ಸಂಗತಿ. ಇನ್ನೊಂದು ಮೋಸ ಹುಸಿ ಸ್ಟೀರಿಯೋ: ಮೊನೋ ಟೇಪನ್ನೇ ಎರಡಾಗಿ ಸೀಳಿ ಮಂದ್ರ ಎಡಕ್ಕೆ, ತಾರ ಬಲಕ್ಕೆ. ಗಿಟಾರ್ ನಡುವೆ ಹರಿದುಹೋಗಿ ತೆಳ್ಳಗಾಗುತ್ತದೆ, ಮೊನೋ ಬಟನ್ ಒತ್ತಿದರೂ ಪೂರ್ತಿ ಕೂಡಿಕೊಳ್ಳುವುದಿಲ್ಲ. ಅಂಥದೊಂದು ಇಂಪೋರ್ಟ್ ಎಲ್‌ಪಿಗೆ ಎರಡು ಸಾವಿರದ ಮೇಲೆ ತೆತ್ತಿದ್ದೇನೆ.

ಆಲ್ಬರ್ಟ್ ಕಿಂಗ್‌ಗೆ ಈ ದಾರಿ ಎಲ್ಲರಿಗಿಂತ ಹೆಚ್ಚು ಒಪ್ಪುತ್ತದೆ. ಎಡಗೈಯವನು, ತಂತಿ ಬದಲಿಸದೆ ಗಿಟಾರ್ ತಿರುಗಿಸಿ ಹಿಡಿದವನು. ತೆಳು ತಂತಿ ಮೇಲ್ಗಡೆ ಬರುವುದರಿಂದ ಸ್ವರ ಏರಿಸಲು ನಾವು ಮೇಲಕ್ಕೆ ತಳ್ಳುವ ತಂತಿಯನ್ನು ಅವನು ಕೆಳಕ್ಕೆ ಎಳೆಯುತ್ತಾನೆ, ಶ್ರುತಿಯೂ ಸಡಿಲ. ಸಂಕಲನದಲ್ಲಿ ಸಾಲಾಗಿ ಕೇಳಿದರೆ ನಾಲ್ಕೈದೇ ಪಲುಕು (ಸ್ವರಗುಚ್ಛ), ಬೇಸರ ಬರುತ್ತದೆ. 1968ರ ಜೂನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್‌ನಲ್ಲಿ ಮುದ್ರಿಸಿದ ‘ಲೈವ್ ವೈರ್/ಬ್ಲೂಸ್ ಪವರ್’ ಕೇಳಿ, ಅದೇ ದಿನಗಳ ಉಳಿದ ಟೇಪಿನಿಂದ 1990ರಲ್ಲಿ ಬಂದ, ಬುಧವಾರ ರಾತ್ರಿ, ಗುರುವಾರ ರಾತ್ರಿ ಅಂತ ಹೆಸರಿರುವ ಎರಡು ಆಲ್ಬಂ ಪಕ್ಕದಲ್ಲಿಡಿ. ಪಲುಕು ಅದೇ, ಯಾವಾಗ ಎತ್ತಿಕೊಳ್ಳುತ್ತಾನೆ, ಎಷ್ಟು ತಡಮಾಡುತ್ತಾನೆ ಅನ್ನುವುದರಲ್ಲೇ ಅವನ ಕಲೆ.

ಒಂದು ಅಡ್ಡ ಪ್ರಯೋಗ. ಬ್ಲೂಸಿನ ಗಾಂಧಾರ ನಮ್ಮ ಸಾಧಾರಣಕ್ಕೂ ಅಂತರಕ್ಕೂ ನಡುವೆ ತೂಗಾಡುತ್ತದೆ. ಫೋನಿನಲ್ಲಿ ಶ್ರುತಿಪೆಟ್ಟಿಗೆ ಆ್ಯಪ್ ಹಾಕಿಕೊಂಡು ಕೇಳಿದರೆ ಸ್ಥಾನ ಗೊತ್ತಾದೀತು ಅಂತ ಲೆಕ್ಕ ಹಾಕಿದ್ದೆ. ಹನ್ನೆರಡು ಬಾರ್‌ನ (ಆವರ್ತದ) ಹಾಡಿಗೆ ಇದು ನಡೆಯುವುದಿಲ್ಲ, ಐದನೇ ಬಾರ್‌ನಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮಧ್ಯಮಕ್ಕೆ ಹೋದ ಕೂಡಲೇ ಶ್ರುತಿ ಕಚ್ಚಾಡುತ್ತದೆ. ಒಂದೇ ಕಾರ್ಡಿನ ಹಾಡಿಗೆ ಚೆನ್ನಾಗಿ ಒಗ್ಗುತ್ತದೆ. ಹೌಲಿನ್ ವುಲ್ಫ್‌ನ 1956ರ ‘ಸ್ಮೋಕ್‌ಸ್ಟ್ಯಾಕ್ ಲೈಟ್ನಿನ್’ಗೆ ಮೂರು ಮನೆ, ಅಂದರೆ ಗಿಟಾರಿನ ಇ, ಹಳೆಯ ಟೇಪಾದ್ದರಿಂದ ಒಂದಿಷ್ಟು ಸೆಂಟ್ (ಅರ್ಧ ಸ್ವರದ ನೂರನೇ ಪಾಲು) ಆಚೀಚೆ ತಿರುಗಿಸಿಕೊಳ್ಳಬೇಕು.

ಶಿಕಾಗೋದ ಗಿಟಾರಿಸ್ಟ್ ಮ್ಯಾಜಿಕ್ ಸ್ಯಾಮ್‌ನ ಲೈವ್ ಆಲ್ಬಂ ಸದ್ದು ಕೆಟ್ಟದಾಗಿದೆ ಅಂತ ಬಿಡಬೇಡಿ. ಅಲೆಕ್ಸ್ ಕ್ಲಬ್ಬಿನ 1963–64ರ ಭಾಗ ಗೊಗ್ಗರೇ. 1969ರ ಆನ್ ಆರ್ಬರ್ ಬ್ಲೂಸ್ ಉತ್ಸವದ ಭಾಗದಲ್ಲಿ ಗಿಟಾರ್, ಬಾಸ್, ಡ್ರಮ್ ಮೂರೇ ಇರುವುದರಿಂದ ರಿದಮ್ಮು ಲೀಡು ಎರಡನ್ನೂ ಒಂದೇ ಕೈ ಹೇಗೆ ಹಂಚಿಕೊಳ್ಳುತ್ತದೆ ಅನ್ನುವುದು ಬಿಡಿಸಿಟ್ಟಂತೆ ಕೇಳುತ್ತದೆ. ಇದಕ್ಕೆ ನಾನು ಜೋಡಿ ಮಾಡಿರುವ ಸ್ಟುಡಿಯೋ ಹಾಡು ಯಾವುದು ಅಂತ ಬಳಗದವರು ಕೇಳುತ್ತಲೇ ಇದ್ದಾರೆ. ಅದೊಂದು ನನ್ನ ಹತ್ತಿರವೇ ಇರಲಿ.